ಕಾರಣದ ಖಾನೆ

ಲೆಡ್‌ಬರಿಯ ನಮ್ಮ ಪೋಸ್ಟಾಫೀಸು ಬರೀ ಪೋಸ್ಟಾಫೀಸಲ್ಲ.
ಹಾಲು, ಬ್ರೆಡ್ಡು, ನಾಯಿ ಬಿಸ್ಕತ್ತು, ಸಂತಾಪದ ಕಾರ್ಡು,
ಎಲ್ಲ ದಾಟಿದರೆ ಒಂದು ಗಾಜು, ಗಾಜಿನ ಹಿಂದೆ ನಾನು.
ಶುಕ್ರವಾರ ಐದೂಕಾಲಿಗೆ ತೋಟದ ವ್ಯಾನು ನಿಲ್ಲುತ್ತದೆ.
ಹದಿನಾಲ್ಕು ಮಂದಿ ಇಳಿಯುತ್ತಾರೆ,
ಉಗುರಿನೊಳಗೆಲ್ಲ ಸ್ಟ್ರಾಬೆರಿಯ ಕೆಂಪು.

ಹಣ ಕಳಿಸುವ ಫಾರ್ಮಿನಲ್ಲಿ ಒಂದು ಖಾನೆಯಿದೆ: ಕಾರಣ.
'ಮನೆಖರ್ಚು' ಎಂದರೆ ಸಾಕು, ಎಲ್ಲರೂ ಅದನ್ನೇ ಅನ್ನುತ್ತಾರೆ,
ಕಂಪ್ಯೂಟರಿಗೂ ಹೆಚ್ಚು ಕುತೂಹಲವಿಲ್ಲ.
ಯೆರ್ಮಿಯಾಸ್ ಪೆಲ್ಲೊ ಮಾತ್ರ
ಕೇಳಿದ್ದಕ್ಕೆ ನಿಜ ಹೇಳುವ ಜಾತಿ.

ಮೊದಲ ವಾರ: ತಗಡಿನ ಶೀಟು, ಎಂಟು.
ಎರಡನೆಯ ವಾರ: ಏಜೆಂಟು.
ಮೂರನೆಯ ವಾರ: ಏಜೆಂಟು.
ನಾಲ್ಕರಲ್ಲಿ ಮಳೆ, ಹಣ್ಣು ಕೊಳೆಯಿತು, ಅವನು ಬರಲಿಲ್ಲ.
ಐದನೆಯ ವಾರ: ಹಂದಿ.
ಭಾವನ ತಾಯಿ ತೀರಿಕೊಂಡಳಂತೆ,
ಬಂದವರಿಗೆ ಹಂದಿ ಕೊಯ್ಯದೆ ಹೆಣ ಎತ್ತುವಂತಿಲ್ಲವಂತೆ.
ಹಂದಿ ಎಂದೇ ಟೈಪಿಸಿದೆ. ಅದೂ ಪಾಸಾಯಿತು.

ಅವನ ಇಂಗ್ಲಿಷು ನಲವತ್ತು ಪದ,
ಅದರಲ್ಲಿ ಹದಿನೈದು ಹಣ್ಣಿನವು.
ಉಳಿದದ್ದನ್ನು ಹಾಳಾದ ಫಾರ್ಮಿನ ಬೆನ್ನಿಗೆ ಬರೆದು ತೋರಿಸಿದ:
ರೋಟೆ ದ್ವೀಪದಾಚೆ ಇನ್ನೊಂದು ದ್ವೀಪ, ಅಕ್ಕಿಕಾಳಿನಷ್ಟು.
ಮಂಗಳವಾರ ದೋಣಿ, ಗಾಳಿ ಒಪ್ಪಿದರೆ.
ಮೇಷ್ಟ್ರು ಬರುವುದೂ ಅದರಲ್ಲೇ,
ಆದ್ದರಿಂದ ಶಾಲೆಯೂ ಗಾಳಿ ಒಪ್ಪಿದರೆ.

ಒಂದು ಮರ ಬರೆದ, ಮರಕ್ಕೆ ಒಂದು ಚೀಲ, ಚೀಲದಲ್ಲಿ ಫೋನು.
ಸಿಗ್ನಲ್ಲು ಹಾದುಹೋಗುವುದು ಅಷ್ಟು ಎತ್ತರದಲ್ಲಿ ಮಾತ್ರ.
ನಾನಿಲ್ಲಿ ಒತ್ತಿದ ಅಂಕಿಗಳು
ಆ ಮರದ ಕೊಂಬೆಯಿಲ್ಲದ ತಲೆಯಲ್ಲಿ ಕೂತು ಕಾಯುತ್ತವೆ,
ಹೆಂಡತಿ ನೆಲ್ಚಿ ಸಂಜೆ ಹಗ್ಗ ಜಗ್ಗಿ ಇಳಿಸುವ ತನಕ.
ಆಮೇಲೆ ಅವಳು ದೋಣಿ ಹತ್ತಬೇಕು ಪೇಟೆಯ ಬ್ಯಾಂಕಿಗೆ.
ದೋಣಿಯವನ ಪಾಲು ಬೇರೆ.

ನೀರಿನಲ್ಲಿ ಗೆರೆ ಎಳೆದ: ಪಾಚಿ ಬೆಳೆಯುವ ಹಗ್ಗಗಳು.
ಮೂರು ವರ್ಷ ದುಡ್ಡು ಕೊಟ್ಟ ಪಾಚಿ
ನಾಲ್ಕನೆಯ ವರ್ಷ ಬಿಳಿಚಿಕೊಂಡು ಉದುರಿತು.
ಹುಡುಗರು ಮಲೇಷಿಯಾಕ್ಕೆ ಹೊರಟರು.
ಇಬ್ಬರು ಪೆಟ್ಟಿಗೆಯಲ್ಲಿ ಬಂದರು.
ಪೆಟ್ಟಿಗೆಯನ್ನು ಅವನು ಬರೆಯಲಿಲ್ಲ, ಕೈಯಲ್ಲಿ ಉದ್ದ ತೋರಿಸಿದ.
ಹಿಂದೆ ನಿಂತಿದ್ದ ಮುದುಕಿ ಗಂಟಲು ಸರಿಮಾಡಿಕೊಂಡಳು,
ಅವಳಿಗೆ ಎರಡೇ ಸ್ಟಾಂಪು ಬೇಕಿತ್ತು.

ಆಗಸ್ಟಿನಲ್ಲಿ ಗಾಜಿನ ಕೆಳಗಿನ ತಟ್ಟೆಗೆ
ಗರಿಯಲ್ಲಿ ಸುತ್ತಿದ ಒಂದು ಕಪ್ಪು ಬಿಲ್ಲೆ ಸರಿಸಿದ.
ನೆಲ್ಚಿ ಕಾಸಿದ್ದು, ಕೊನೆಯದು.
ನಾಲಿಗೆಗೆ ಇಟ್ಟೆ.
ಮೂಲ್ಕಿಯಲ್ಲಿ ಅಜ್ಜಿಯ ಗಂಜಿ ಬಟ್ಟಲು,
ತಾಳೆಮರದಿಂದ ಜಾರಿ ಇಳಿಯುವ ಮೂರ್ತೆಯ ಬೂಬಣ್ಣ,
ಅವನ ಎದೆಯ ತೊಗಲಿನ ತರಚು, ಎಲ್ಲ ಇದ್ದಲ್ಲೇ ಇತ್ತು.
"ಓಲೆಬೆಲ್ಲ!" ಅಂದುಬಿಟ್ಟೆ,
ಹತ್ತೊಂಬತ್ತು ವರ್ಷದಲ್ಲಿ ಈ ಕೌಂಟರು ಕೇಳಿದ ಮೊದಲ ಕನ್ನಡ.
"ಓಲೆಬೆಲ್ಲ" ಅಂದ ಅವನೂ, ಗಂಭೀರವಾಗಿ,
ನಲವತ್ತೊಂದನೆಯ ಇಂಗ್ಲಿಷ್ ಪದ ಎಂದುಕೊಂಡು.
ತಿದ್ದಬೇಕಿತ್ತು. ತಿದ್ದಲಿಲ್ಲ.

ಸೆಪ್ಟೆಂಬರಿನ ಕೊನೆಯ ಶುಕ್ರವಾರ ಹಣ ಕಳಿಸಲಿಲ್ಲ,
ಬರೀ ಲೆಕ್ಕ ಹೇಳಿದ.
ಸಾಲ ತೀರಿದ್ದು ಮೂರು ವಾರದ ಹಿಂದೆ.
ಉಳಿತಾಯ: ತಗಡು ಎಂಟು, ಹಂದಿ ಒಂದು, ದೋಣಿಯ ಎಂಜಿನ್ನು ಅರ್ಧ.
ಅರ್ಧ ಎಂಜಿನ್ನು ಹೇಗಯ್ಯಾ ಓಡುತ್ತದೆ?
ಇನ್ನರ್ಧ ಬರುವ ವರ್ಷ, ಪಟ್ಟಿಯಲ್ಲಿ ಹೆಸರಿದ್ದರೆ.
ಗಂಟೆಗೆ ಇಪ್ಪತ್ತು ಕಿಲೋ ಕೀಳಬೇಕು.
ಅವನದು ಹದಿನೇಳು.

ಈಗ ತೋಟದಲ್ಲಿ ಪ್ಲಾಸ್ಟಿಕ್ಕು ಬಿಚ್ಚಿದ ಕಮಾನುಗಳು,
ಮಂಜಿನಲ್ಲಿ ಪಕ್ಕೆಲುಬಿನಂತೆ.
ಬೆಲ್ಲದ ಗರಿ ಸ್ಟಾಂಪಿನ ಡ್ರಾಯರಿನಲ್ಲಿದೆ, ಇರುವೆ ಬಂದಿಲ್ಲ,
ಈ ದೇಶದ ಇರುವೆಗೆ ಅದರ ಸುದ್ದಿ ತಿಳಿಯದು.
ಬಾಗಿಲು ತೆರೆಯುವಾಗ ಕ್ಯಾಲೆಂಡರು ನೋಡಿದೆ:
ಮಂಗಳವಾರ.
ಅಲ್ಲಿ ಗಾಳಿ ಒಪ್ಪಿತೋ ಇಲ್ಲವೋ.